ಅಂಗಳದ ಐರಿಸ್ ಮತ್ತು ಒಗೆಯುವ ಕಲ್ಲು

ಕ್ರಾಂತಿಕುಮಾರನ ಅಂಗಳದಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗ ನಾಲ್ಕೇ ಅಡಿ. ಅದರ ಮೇಲೆ ಎರಡು ಸಾಮ್ರಾಜ್ಯಗಳ ಕಣ್ಣು. ಬಗ್ಗಿ ಬಗ್ಗಿ ಬಟ್ಟೆ ಒಗೆದು ಸೊಂಟ ಹಿಡಿದಿದ್ದ ಹೆಂಡತಿ ಕೋಮಲಾಗೆ ಅಲ್ಲೊಂದು ಒಗೆಯುವ ಕಲ್ಲು ಬೇಕಿತ್ತು. ಕ್ರಾಂತಿಕುಮಾರ (ಹಗರಿಬೊಮ್ಮನಹಳ್ಳಿಯ ಕಚೇರಿಯೊಂದರ ಗುಮಾಸ್ತ, ಫೈಲಿನ ಧೂಳು ಬಿಟ್ಟರೆ ಬೇರೆ ಮಣ್ಣು ಮುಟ್ಟಿದವನಲ್ಲ) ಅಲ್ಲಿ ಊಟಿಯ ಮಾಲಿಯೊಬ್ಬ ಕೊಟ್ಟ ಕೆಂಪು ಐರಿಸ್ ಗಡ್ಡೆ ನೆಟ್ಟಿದ್ದ. ಅಜ್ಜನ ಕಾಲದ ತಳಿ. ಸೊಂಟದೆತ್ತರ ಬೆಳೆದು ಗಡ್ಡವಿರುವ ಹೂವು ಬಿಡುತ್ತದಂತೆ.

“ಯುಗಾದಿ ತನಕ ನೋಡ್ತೀನ್ರಿ,” ಎಂದಳು ಕೋಮಲಾ. “ಹೂವು ಬರ್ಲಿಲ್ಲಾ, ಕಲ್ಲು ಬರ್ತೈತಿ.”

ಕ್ರಾಂತಿಕುಮಾರ ಭಗೀರಥನಾದ. ಗಡ್ಡೆಯನ್ನು ಗೇಣು ಆಳಕ್ಕೆ ಹೂತು, ಹೊತ್ತಿಗೊಂದು ಕೊಡ ನೀರು ಸುರಿದ. ತಂಪು ಸೀಮೆಯ ಗಿಡವೆಂದು ಗೋಣಿಚೀಲದ ಚಪ್ಪರ ಕಟ್ಟಿದ. ಎಲೆಗಳು ಹಳದಿಯಾಗಿ ಮಲಗಿದವು. ನಿದ್ದೆ ಇರಬೇಕೆಂದು ನಂಬಿದ್ದ, ವಾಸನೆ ಬರುವವರೆಗೆ.

ಕೋಗಳಿಯಿಂದ ಬಂದ ಅವ್ವ ಹಂಪಮ್ಮ ಮೂಗು ಮುಚ್ಚಿಕೊಂಡೇ ಗಡ್ಡೆ ಕಿತ್ತಳು.

“ಲೇ ಕ್ರಾಂತಿ, ಇದನ್ನ ಬೆಳಸಾಕ ಹತ್ತೀಯೋ, ಮಣ್ಣು ಕೊಡಾಕ ಹತ್ತೀಯೋ?”

“ಅವ್ವಾ, ಇದು ಊಟಿ ಗಿಡ! ನಿನ್ನ ಹೊಲದ ಉಳ್ಳಾಗಡ್ಡಿ ಅಲ್ಲ!”

“ಯಾವೂರ ಗಡ್ಡಿ ಆದ್ರೂ ಕಾಲು ನೆಲದಾಗ, ಬೆನ್ನು ಬಿಸಿಲಾಗ. ಸರಿ ಅತ್ಲಾಗ!”

ಕೊಳೆತದ್ದನ್ನು ಕುಡುಗೋಲಿನಿಂದ ಕೆತ್ತಿ, ಬೂದಿ ಹಚ್ಚಿ, ಎರಡು ದಿನ ಒಣಗಿಸಿ, ಎಲೆಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಬೆನ್ನು ಕಾಣುವಂತೆ ಮಣ್ಣಿನ ಮೇಲೆ ಕೂರಿಸಿದಳು. ಚಪ್ಪರ ಕಿತ್ತೆಸೆದಳು. ನೆಲ ಪೂರ್ತಿ ಒಣಗುವ ತನಕ ಹನಿ ನೀರು ಹಾಕಿದರೆ ಕೈ ಮುರಿಯುತ್ತೇನೆಂದು ಹೇಳಿ ಊರಿಗೆ ಹೋದಳು.

ಚಳಿಗಾಲ ಕಳೆದು, ಯುಗಾದಿಗೆ ಎರಡು ದಿನವಿದ್ದಾಗ ಬೆಳಿಗ್ಗೆ ಕೋಮಲಾ ಕೂಗಿಕೊಂಡಳು. ಕಲ್ಲಿನವನೇ ಬಂದನೆಂದು ಕ್ರಾಂತಿಕುಮಾರ ಹಲ್ಲುಜ್ಜುತ್ತಲೇ ಓಡಿದ.

ಹೂವು! ಕುಂಕುಮದ ಕೆಂಪಲ್ಲ, ಆಗಷ್ಟೇ ಸುಟ್ಟ ಇಟ್ಟಿಗೆಗೆ ಮಖಮಲ್ಲು ಹೊದಿಸಿದಂಥ ಕೆಂಪು. ಮೂರು ದಳ ಮೇಲೆದ್ದು ಕೈಮುಗಿದಿದ್ದವು, ಮೂರು ಕೆಳಗೆ ಇಳಿಬಿದ್ದಿದ್ದವು; ಅವುಗಳ ಮೇಲೆ ಅರಿಶಿನದ ಬಣ್ಣದ ಗಡ್ಡ. ಹಿಂದಿನಿಂದ ಬಿಸಿಲು ಹಾಯ್ದಾಗ ಹೂವಿನೊಳಗೆ ಯಾರೋ ದೀಪ ಹಚ್ಚಿದಂತಾಯಿತು. ಕ್ರಾಂತಿಕುಮಾರ ಬ್ರಷ್ಷು ಕಚ್ಚಿಕೊಂಡೇ ಬಗ್ಗಿ ನೋಡಿದ. ಪೇಸ್ಟಿನ ನೊರೆ ಇಳಿದು ಅವನಿಗೂ ಗಡ್ಡ ಬಂದಿತ್ತು.

“ಕಲ್ಲು ಬ್ಯಾಡ್ರಿ,” ಕೋಮಲಾ ಪಿಸುಗುಟ್ಟಿದಳು. “ಜಾಗ ಇದಕ್ಕ ಇರ್ಲಿ. ಒಗಿಯೋ ನೀರೂ ಸಿಡೀಬಾರ್ದು. ಕೊಳೀತೈತಿ.”

“ಒಂದು ಹನೀನೂ ಸಿಡೀಬಾರ್ದು!” ಎಂದ ಕ್ರಾಂತಿಕುಮಾರ, ಗೆದ್ದವನ ಠೀವಿಯಲ್ಲಿ.

“ಮತ್ತ ಇಲ್ಲಿ ಒಗಿಯಂಗಿಲ್ಲ. ಬಟ್ಟೀನ ಬೋರಿಂಗ್ ಕಟ್ಟಿಗೇ ಒಯ್ಯಬೇಕು.”

“ಒಯ್ಯಲೇಬೇಕು!”

ಭಾನುವಾರ ಬೀದಿ ತುದಿಯ ಬೋರಿಂಗ್ ಕಟ್ಟೆಯಲ್ಲಿ, ಹೆಂಗಸರ ನಡುವೆ, ಪ್ಯಾಂಟು ಮಡಚಿಕೊಂಡು ಸೀರೆ ಕುಕ್ಕುತ್ತಿದ್ದವನನ್ನು ಪಕ್ಕದ ಮನೆಯ ಮರುಳಸಿದ್ದಮ್ಮ ಕೇಳಿದಳು:

“ಏನಪಾ ಕ್ರಾಂತಿ, ನಿಮ್ಮ ಹೂವು ನೋಡಾಕ ಯಾವಾಗ ಬರ್ಲಿ?”

“ಈಗ್ಲೇ ಹೋಗ್ರಿ ಅಕ್ಕಾರ,” ಎಂದ ಅವನು, ಹೆಮ್ಮೆಯಿಂದ ಸೀರೆ ಹಿಂಡುತ್ತ. “ಕೋಮಲಾ ಅದಾಳ. ಬೆಳಿಗ್ಗಿಂದ ಅದರ ಮುಂದ ಕುರ್ಚಿ ಹಾಕ್ಕೊಂಡು ಕುಂತಾಳ.”