ಪೆಂಡಾಲ ಅಂದಾನೆಪ್ಪನ ಕೊಪ್ಪರಿಗೆ ಕಾಳಗ

ಆಲಿಸಿರಿ, ಕೈಯಲ್ಲಿ ಕೆಲಸವಿಲ್ಲದ ಸಜ್ಜನರೇ. ಕೆಲಸವಿದ್ದವರು ಅದನ್ನು ಪಕ್ಕಕ್ಕಿಟ್ಟು ಆಲಿಸಿರಿ. ವಿಘ್ನನಾಶಕನನ್ನು ಮೊದಲು ನೆನೆದು, ಹೊಸ ಗಾಡಿಯ ನಾಲ್ಕು ಗಾಲಿಗಳ ಕೆಳಗೆ ನಜ್ಜುಗುಜ್ಜಾಗಿ ವೀರಸ್ವರ್ಗ ಸೇರಿದ ನಾಲ್ಕು ನಿಂಬೆಹಣ್ಣುಗಳನ್ನು ಅನಂತರ ನೆನೆದು, ಟಂಟಂ ಎಂಬ ತ್ರಿಚಕ್ರ ವಾಹನಗಳು ಧೂಮೋದ್ಗಾರ ಮಾಡುತ್ತ ಮುಂಡರಗಿ ಸೀಮೆಯ ರಾಜಮಾರ್ಗಗಳನ್ನು ಆಳುತ್ತಿದ್ದ ಘನಘೋರ ಯುಗದಲ್ಲಿ ಸಂಭವಿಸಿದ ಮಹಾಸಮರವೊಂದು ಇಲ್ಲಿ ವರ್ಣಿತವಾಗುತ್ತದೆ. ಸಮರ ನಡೆದದ್ದು ಒಂದು ಗುರುವಾರ, ಬೆಳಗಿನ ಎಂಟೂಕಾಲಿನಿಂದ ಎಂಟೂಮುಕ್ಕಾಲಿನವರೆಗೆ. ಸತ್ತವರು ಯಾರೂ ಇಲ್ಲ.

ಆ ಯುಗದಲ್ಲಿ ಶತಮಂಟಪಸ್ಥಾಪನಾಚಾರ್ಯನೂ, ಸಹಸ್ರಕುರ್ಚಿಕಾಧೀಶ್ವರನೂ, ಮದುವೆಗೂ ತಿಥಿಗೂ ಒಂದೇ ಮುಖಭಾವದಿಂದ ಶಾಮಿಯಾನ ಹಾಕಿಕೊಡುವ ಸ್ಥಿತಪ್ರಜ್ಞನೂ ಆದ ಅಂದಾನೆಪ್ಪನೆಂಬ ವೀರನಿದ್ದನು. ಪೆಂಡಾಲು, ಕುರ್ಚಿ, ಅಡುಗೆಯ ಪಾತ್ರೆಗಳನ್ನು ಬಾಡಿಗೆಗೆ ಕೊಡುವುದು ಅವನ ವೃತ್ತಿ. ಈ ಸಾಮಾನನ್ನೆಲ್ಲ ಸಾಗಿಸಲೆಂದೇ ಅವನು ನಲವತ್ತೊಂದು ದಿನಗಳ ಹಿಂದೆ ಒಂದು ಹೊಸ ಪಿಕಪ್ ಗಾಡಿಯನ್ನು ಮನೆತುಂಬಿಸಿಕೊಂಡಿದ್ದನು. ಕ್ಷೀರಸಾಗರಫೇನಧವಳೆಯೂ, ಚತುಶ್ಚಕ್ರಸಂಚಾರಿಣಿಯೂ, ನಿಂಬೆಮೆಣಸಿನಕಾಯಿಮಾಲಾಲಂಕೃತೆಯೂ ಆದ ಆ ಸುಂದರಿಯ ಹಿಂಬಾಗಿಲ ಮೇಲೆ ‘ತಾಯಿಯ ಆಶೀರ್ವಾದ’ ಎಂದು ಕೆಂಪು ಅಕ್ಷರಗಳಲ್ಲಿ ಬರೆಸಲಾಗಿತ್ತು. ಬರೆಯುವ ಪೇಂಟರನು ಕುಂಚವನ್ನು ಗಟ್ಟಿಯಾಗಿ ಒತ್ತಬಾರದೆಂದು ಅಂದಾನೆಪ್ಪ ಮಗ್ಗುಲಲ್ಲೇ ನಿಂತಿದ್ದನು.

ಅವಳ ನಿತ್ಯಸೇವೆಯನ್ನು ಏನೆಂದು ಬಣ್ಣಿಸುವುದು! ಪ್ರತಿ ಬೆಳಗ್ಗೆ ಒಂದು ಪಾಕೀಟು ಶಾಂಪೂವಿನಿಂದ ಅಭ್ಯಂಜನ. ಬಳಿಕ ಹೆಂಡತಿ ಬಸಲಿಂಗವ್ವನ ಸೀರೆಗಳಲ್ಲೆಲ್ಲ ಮೆತ್ತಗಿರುವುದನ್ನು ಆರಿಸಿ ಹರಿದು ಮಾಡಿದ ವಸ್ತ್ರದಿಂದ ಅಂಗಾಂಗ ಮಾರ್ಜನ. ಆಮೇಲೆ ಅವನು ನೆಲಕ್ಕೆ ಕುಳಿತು, ಕಸಬರಿಗೆಯ ಕಡ್ಡಿಯಿಂದ ಟೈರಿನ ಸಂದುಗಳೊಳಗಿನ ಹರಳುಗಳನ್ನು ಒಂದೊಂದಾಗಿ ಹೆಕ್ಕುವನು. ಸರ್ವಿಸಿನ ಪುಸ್ತಕ ದೇವರ ಜಗಲಿಯ ಮೇಲೆ ವಿಭೂತಿಗಟ್ಟಿಯ ಪಕ್ಕದಲ್ಲಿತ್ತು. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದಿರಲಿಲ್ಲವಾಗಿ, ಮಧ್ಯಾಹ್ನದ ಬಿಸಿಲಲ್ಲಿ ಅದರ ಮೇಲೆ ಕೂತವರು ಎದ್ದಾಗ ಚರ್ರೆಂದು ಸದ್ದಾಗುತ್ತಿತ್ತು. ಹತ್ತುವವರೆಲ್ಲ ಗುಡಿಯ ಹೊರಗೆ ಬಿಟ್ಟಂತೆ ಚಪ್ಪಲಿ ಬಿಟ್ಟೇ ಹತ್ತಬೇಕು. ಯಾರಾದರೂ ಬಾಗಿಲು ಹಾಕಲು ಕೈ ಎತ್ತಿದರೆ ಸಾಕು, ಅಂದಾನೆಪ್ಪನ ಸಿಂಹನಾದ ಓಣಿಯ ಕೊನೆಯವರೆಗೆ ಮೊಳಗುವುದು: “ಮೆಲ್ಲಕ! ಮೆಲ್ಲಕ ಹಾಕ್ರಿ! ಮಲಗಿದ್ ಕೂಸಿಗಿ ಚಾದರಾ ಹೊಚ್ಚಿದಂಗ ಹಾಕಬೇಕದನ್ನ!”

ಇಷ್ಟು ಹೇಳಿದ ಮೇಲೆ ಒಂದು ನಿಜವನ್ನು ಮುಚ್ಚಿಡಲಾಗದು. ಈ ನಲವತ್ತೊಂದು ದಿನಗಳಲ್ಲಿ ಅವಳ ಬೆನ್ನ ಮೇಲೆ ಒಂದು ಕುರ್ಚಿಯೂ ಏರಿರಲಿಲ್ಲ. ಏರಿದರೆ ಗೆರೆ ಬೀಳುತ್ತದಲ್ಲ! ಸಾಮಾನನ್ನೆಲ್ಲ ಎಂದಿನಂತೆ ಮೌಲಾಸಾಬನ ಹಳೆಯ ಟಂಟಂ ಹೊತ್ತು ಏದುಸಿರು ಬಿಡುತ್ತ ಮುಂದೆ ಹೋಗುವುದು. ನೂರು ಮಾರು ಹಿಂದೆ, ಬೆಂಗಾವಲಿನ ಪಟ್ಟದಾನೆಯಂತೆ, ಖಾಲಿ ಪಿಕಪ್ಪು ಮೆಲ್ಲನೆ ಹೋಗುವುದು. ಊರಿನವರು ನಕ್ಕರು. ಮೌಲಾಸಾಬ ಮಾತ್ರ ನಗಲಿಲ್ಲ. ಅವನಿಗೆ ಅಂದಾನೆಪ್ಪನ ಮೇಲೆ ನಿಜವಾಗಿಯೂ ಕನಿಕರವಿತ್ತು.

ಹೀಗಿರುವಲ್ಲಿ ಕಪ್ಪಲಗುಂದಿಯಲ್ಲಿದ್ದ ಅಕ್ಕ ಪಾರಕ್ಕನ ಮಗಳ ಮದುವೆ ಗೊತ್ತಾಯಿತು. ತಾಯಿ ತೀರಿಕೊಂಡಾಗ ಅಂದಾನೆಪ್ಪನಿಗೆ ಎಂಟು ವರ್ಷ. ಅವನನ್ನು ಕಂಕುಳಲ್ಲಿಟ್ಟುಕೊಂಡು ಬೆಳೆಸಿದವಳು ಪಾರಕ್ಕ. ಅವಳು ಸೋದರಮಾವನಾದ ತಮ್ಮನಿಂದ ಬಂಗಾರ ಕೇಳಲಿಲ್ಲ, ರೇಷ್ಮೆ ಕೇಳಲಿಲ್ಲ. “ನೀ ಮತ್ತೇನೂ ತರಬ್ಯಾಡೋ ತಮ್ಮಾ. ಅವ್ವನ ಕೊಪ್ಪರಗಿ ಅಷ್ಟ ತಗೊಂಡ ಬಾ. ಅದರಾಗ ಹುಗ್ಗಿ ಆದ್ರ ಅವ್ವನ ಬಂದು ಬಡಿಸಿದಂಗ ಆಕ್ಕೈತಿ,” ಎಂದಿದ್ದಳು. ಅಂದಾನೆಪ್ಪನ ಕಣ್ಣು ತೇವವಾಗಿತ್ತು. “ಸೂರ್ಯಾ ಹುಟ್ಟೂದು ತಪ್ಪೀತು, ಕೊಪ್ಪರಗಿ ತಪ್ಪಂಗಿಲ್ಲಕ್ಕಾ,” ಎಂದು ಅವಳ ಕೈಮುಟ್ಟಿ ಮಾತು ಕೊಟ್ಟಿದ್ದನು.

ಆ ಕೊಪ್ಪರಿಗೆಯಾದರೂ ಸಾಮಾನ್ಯವೇ! ಬೃಹನ್ನಿತಂಬೆ, ತಾಮ್ರಗಾತ್ರೆ, ಉಭಯಪಾರ್ಶ್ವಲೋಹಕಡಗಭೂಷಿತೆ, ಐನೂರು ಎಲೆಗೆ ಒಂದೇ ಬಸಿರಲ್ಲಿ ಹುಗ್ಗಿ ಹೆರುವ ಮಹಾಮಾತೆ. ಅಂದಾನೆಪ್ಪನ ತಾಯಿ ಇದೊಂದೇ ಕೊಪ್ಪರಿಗೆಯನ್ನು ಬಾಡಿಗೆಗೆ ಕೊಡುತ್ತ ಈ ವ್ಯಾಪಾರವನ್ನು ಆರಂಭಿಸಿದ್ದಳು. ಒಳಗೆ ಕಲಾಯಿ ಬೆಳ್ಳಿಯಂತೆ ಹೊಳೆದರೂ, ನಲವತ್ತು ವರ್ಷ ಒಲೆಯ ಮೇಲೆ ಕೂತು ಕೂತು ಅದರ ತಳಕ್ಕೆ ಹತ್ತಿದ ಮಸಿ ಮಾತ್ರ ಮುಟ್ಟಿದವರಿಗೆಲ್ಲ ಮೆತ್ತಿಕೊಳ್ಳುತ್ತಿತ್ತೇ ಹೊರತು ಯಾವ ಹುಣಸೆಹಣ್ಣಿಗೂ ಪೂರ್ತಿ ಜಗ್ಗುತ್ತಿರಲಿಲ್ಲ. ಇದನ್ನು ಬಸಲಿಂಗವ್ವನಷ್ಟು ಚೆನ್ನಾಗಿ ಬಲ್ಲವರು ಲೋಕದಲ್ಲಿ ಇರಲಿಲ್ಲ, ಏಕೆಂದರೆ ತಿಕ್ಕುತ್ತಿದ್ದವಳು ಅವಳೇ.

ಮದುವೆಯ ದಿನ ಬೆಳಗ್ಗೆ ದಂಡು ಹೊರಟಿತು. ಉಳಿದ ಪಾತ್ರೆಗಳು ಹಿಂದಿನ ದಿನವೇ ಹೋಗಿದ್ದವು. ಬೇರೊಂದು ಮದುವೆಯಿಂದ ತಡವಾಗಿ ಮರಳಿದ ಕೊಪ್ಪರಿಗೆ ಮಾತ್ರ ಉಳಿದಿತ್ತು. ಅದನ್ನು ಹೊತ್ತು ಮೌಲಾಸಾಬನ ಟಂಟಂ ಮುಂದೆ. ಹಿಂದೆ ಪಿಕಪ್ಪಿನಲ್ಲಿ ಅಂದಾನೆಪ್ಪ, ರೇಷ್ಮೆ ಸೀರೆಯ ಬಸಲಿಂಗವ್ವ, ಮತ್ತು ತಾಯಿಯ ತಂಗಿಯಾದ ಎಪ್ಪತ್ತೈದರ ಗೌರವ್ವ ಚಿಗವ್ವ. ಮೂವರ ಚಪ್ಪಲಿಗಳೂ ಮುಂಡರಗಿಯ ಮನೆಯ ಕಟ್ಟೆಯ ಮೇಲೆ ಸಾಲಾಗಿ ಉಳಿದಿದ್ದವು. ಒಂಬತ್ತಕ್ಕೆ ಹುಗ್ಗಿಯ ಗೋದಿ ಒಲೆಯ ಮೇಲೆ ಇರಬೇಕು, ಹನ್ನೆರಡಕ್ಕೆ ವಧೂವರರ ಮೇಲೆ ಅಕ್ಕಿಕಾಳು, ಅದು ಬಿದ್ದೊಡನೆ ಊಟ.

ಕಪ್ಪಲಗುಂದಿ ಇನ್ನು ಮೂರು ಕಿಲೋಮೀಟರು ಇದೆ ಎನ್ನುವಾಗ, ದಿಬ್ಬದ ನೆತ್ತಿಯ ಮೇಲೆ, ಟಂಟಂನ ಹಿಂದಿನ ಅಚ್ಚು ಟಪ್ಪೆಂದು ಮುರಿದು ಅದು ಹೆರಿಗೆಗೆ ಕೂತ ಎಮ್ಮೆಯಂತೆ ನೆಲಕ್ಕೆ ಕುಸಿಯಿತು.

ಮೌಲಾಸಾಬ ಇಳಿದು, ಬಗ್ಗಿ ನೋಡಿ, ಎದ್ದು ನಿಂತು ಟವೆಲ್ ಕೊಡವಿದನು. “ಮುಗೀತು ಅಂದಾನೆಪ್ಪಣ್ಣ. ಇದು ಇವತ್ತ ಏಳಂಗಿಲ್ಲ. ಕೊಪ್ಪರಗಿ ನಿನ್ನ ಗಾಡ್ಯಾಗ ಹಾಕೂಣು, ನಡಿ.”

ಆಗ ಅಂದಾನೆಪ್ಪನು ಭೂಮ್ಯಾಕಾಶಗಳ ಮಧ್ಯೆ ಬರಿಗಾಲಲ್ಲಿ ನಿಂತು, ಎರಡು ತೋಳುಗಳನ್ನೂ ಹರಡಿ ತನ್ನ ಧವಳೆಯನ್ನು ಮರೆಮಾಡಿಕೊಂಡು ಗರ್ಜಿಸಿದನು: “ಎಲವೋ ತ್ರಿಚಕ್ರಸಾರಥಿ! ಕುಲಗಿರಿಗಳು ಕದಲಲಿ, ತುಂಗಭದ್ರೆ ಹಿಮ್ಮುಖವಾಗಿ ಹರಿಯಲಿ, ದಿಗ್ಗಜಗಳು ಹೆಗಲು ಬದಲಿಸಲಿ. ಮಸೀಮಲಿನವಾದ ಈ ತಾಮ್ರಭಾಂಡವು ಅನಾಘ್ರಾತೆಯೂ ಅಕಳಂಕೆಯೂ ಆದ ಇವಳ ಬೆನ್ನನ್ನು ಸೋಕುವುದು ನನ್ನ ದೇಹದಲ್ಲಿ ಉಸಿರಿರುವತನಕ ಅಸಾಧ್ಯವೆಂದು ತಿಳಿ!” ಕವಿಯ ಕಿವಿಗೆ ಬಿದ್ದದ್ದು ಹೀಗೆ. ಅಲ್ಲೇ ಮೇಯುತ್ತಿದ್ದ ಎಮ್ಮೆಗಳಿಗೆ ಕೇಳಿಸಿದ್ದು ಇಷ್ಟು: “ಏ, ಆಗಂಗಿಲ್ಲ ಅಂದ್ರ ಆಗಂಗಿಲ್ಲ.”

ಬಸಲಿಂಗವ್ವ ಗಾಡಿಯಿಂದ ಇಳಿದಳು. ಅವಳ ಮಾತಿಗೆ ಅಲಂಕಾರ ಬೇಕಿಲ್ಲ, ಇದ್ದಂತೆಯೇ ಹೇಳಿದರೆ ಸಾಕು.

“ಅಲ್ರೀ, ಗಾಡಿ ತಂದದ್ದು ಎದಕ್ಕ? ಸಾಮಾನು ಹೇರಾಕೋ, ಪೂಜಿ ಮಾಡಾಕೋ?”

“ಹೇರೂಣು, ಯಾರ ಬ್ಯಾಡಂದ್ರು? ಮೊದಲ ಸಲಾ ಗಾದಿನೋ ದಿಂಬೋ, ಏನಾರ ಮೆತ್ತಂದು ಹೇರೂಣಂತ.”

“ಐನೂರು ಮಂದಿಗಿ ದಿಂಬು ಬಡಸ್ತೀರೇನು? ಅಕ್ಕಾರ ಬಾಗಲದಾಗ ನಿಂತು ದಾರಿ ನೋಡಾಕತ್ತಿರ್ತಾರ. ಇವತ್ತ ಹುಗ್ಗಿ ತಪ್ಪಿದ್ರ ಅವರ ಮಾರಿ ಹೆಂಗ ನೋಡ್ತೀರಿ?”

ಈ ಬಾಣವು ವೀರನ ಎದೆಯನ್ನು ಹೊಕ್ಕು ಬೆನ್ನಲ್ಲಿ ಹೊರಬಂದಿತು. ಒಂದು ಕಡೆ ಅಕ್ಕನ ಕೈಮುಟ್ಟಿ ಕೊಟ್ಟ ಮಾತು, ಇನ್ನೊಂದು ಕಡೆ ಶಾಂಪೂ ಹಾಕಿ ತೊಳೆದ ನಲವತ್ತೊಂದು ಬೆಳಗುಗಳು. ಅವನು ದಿಬ್ಬದ ಕೆಳಗೆ ಸಾಗಿದ ಡಾಂಬರು ರಸ್ತೆಯನ್ನು ನೋಡಿದನು, ಕೊಪ್ಪರಿಗೆಯ ದುಂಡನೆಯ ಹೊಟ್ಟೆಯನ್ನು ನೋಡಿದನು. ಒಡನೆಯೇ, ಇಂಥವರಿಗೆ ಇಂಥ ಹೊತ್ತಿನಲ್ಲಿ ಮಾತ್ರ ಹೊಳೆಯುವಂಥದ್ದೊಂದು ಉಪಾಯ ಹೊಳೆಯಿತು.

“ಉರುಳಿಸಿಕೊಂತ ಹೋಗೂಣು,” ಎಂದನು.

ಚಿಗವ್ವ ಗಾಡಿಯೊಳಗಿಂದಲೇ, “ಏನಂದಾ?” ಎಂದು ಕೇಳಿದಳು. ಮೌಲಾಸಾಬ ಟವೆಲನ್ನು ತಲೆಗೆ ಸುತ್ತಿಕೊಂಡನು.

ವ್ಯೂಹರಚನೆಯಲ್ಲಿ ಅಂದಾನೆಪ್ಪ ಎಂದೂ ತಪ್ಪುವವನಲ್ಲ. ಉರುಳುವ ತಾಮ್ರದ ನೆರಳೂ ಬೀಳದಿರಲೆಂದು ಮೊದಲು ಪಿಕಪ್ಪನ್ನು ದಿಬ್ಬದ ಬುಡಕ್ಕೆ ಒಯ್ದು, ಬೇವಿನ ಮರದ ನೆರಳಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟನು. ಚಿಗವ್ವನನ್ನು ಮರದ ಬುಡದಲ್ಲಿ ಕೂರಿಸಿದನು. ಆಮೇಲೆ ಕಾಲಿಗೆ ಹರಳು ಚುಚ್ಚಿಸಿಕೊಳ್ಳುತ್ತ ದಿಬ್ಬವನ್ನು ಮತ್ತೆ ಏರಿದನು. ಇಳಿಜಾರಿನ ತಳದಲ್ಲಿ, ರಸ್ತೆಗೆ ಬೆನ್ನು ಮಾಡಿ, ‘ತಾಯಿಯ ಆಶೀರ್ವಾದ’ ಎಂಬ ಅಕ್ಷರಗಳು ನೆತ್ತಿಯವರೆಗೂ ಕೆಂಪಗೆ ಕಾಣುತ್ತಿದ್ದವು.

“ಇಳಿಜಾರೈತ್ರಿ,” ಎಂದಳು ಬಸಲಿಂಗವ್ವ.

“ಕಡಗಾ ಹಿಡಕೊಂಡ ಇರತೀವಿ, ಎಲ್ಲಿ ಹೋಕ್ಕೈತಿ ಅದು?” ಎಂದನು ಅಂದಾನೆಪ್ಪ.

ಅದು ಎಲ್ಲಿಗೆ ಹೋಗುತ್ತದೆಂಬುದು ಎಮ್ಮೆಗಳಿಗೂ ಗೊತ್ತಿತ್ತು. ಒಂದು ಕಡಗ ಅಂದಾನೆಪ್ಪನ ಕೈಯಲ್ಲಿ, ಇನ್ನೊಂದು ಮೌಲಾಸಾಬನ ಕೈಯಲ್ಲಿ. ಮೊದಲ ಉರುಳಿಗೆ ಗಂಭೀರವಾಗಿ ಡೊಂಯ್ ಎಂದಿತು, ಎರಡನೆಯದಕ್ಕೆ ಸ್ವಲ್ಪ ಅವಸರವಾಗಿ ಎಂದಿತು, ಮೂರನೆಯದಕ್ಕೆ ಇಬ್ಬರ ಕೈಗಳನ್ನೂ ಕೊಡವಿ ಹಾಕಿ ಸ್ವತಂತ್ರವಾಯಿತು. ಆಗ ಆ ಮಹಾಭಾಂಡವು ದಶದಿಕ್ಕುಗಳನ್ನು ಘಂಟಾನಾದದಿಂದ ತುಂಬುತ್ತ, ಒಮ್ಮೆ ಎಡಕ್ಕೆ ವಾಲಿ, ಒಮ್ಮೆ ಬಲಕ್ಕೆ ಹೊರಳಿ, ಇಷ್ಟು ಅಗಲದ ರಸ್ತೆಯಲ್ಲಿ ಹೋಗಲು ಬೇರೆ ನೂರು ಕಡೆಗಳಿದ್ದರೂ ಅವನ್ನೆಲ್ಲ ತೃಣವಾಗಿ ಕಂಡು, ಬೇವಿನ ಮರದ ಕಡೆಗೇ ಧಾವಿಸಿತು. ಬೆನ್ನಟ್ಟಿದನು ಅಂದಾನೆಪ್ಪ. ಧೋತರದ ಚುಂಗು ಕೈಯಲ್ಲಿ, ತಲೆಯ ಪಟಗ ಎಲ್ಲೋ ಹಿಂದೆ, ಬರಿಗಾಲು ಹರಳೆದ್ದ ಡಾಂಬರಿನ ಮೇಲೆ. ಅವನ ರಣಘೋಷವನ್ನು ಕವಿಯೂ ಎಮ್ಮೆಗಳೂ ಒಂದೇ ರೀತಿ ಕೇಳಿಸಿಕೊಂಡರು: “ನಿಂದ್ರಬೇ ಯವ್ವಾ! ನಿಂದ್ರಬೇ!”

ಅವ್ವ ನಿಲ್ಲಲಿಲ್ಲ. ಆದರೆ ಬುಡದಲ್ಲಿ ಮಣ್ಣಿನ ರಾಶಿಯೊಂದಿತ್ತು. ಅದನ್ನು ಏರಿ ಇಳಿಯುವಷ್ಟರಲ್ಲಿ ಅವಳ ರಭಸವೆಲ್ಲ ಇಳಿದು, ಕೊನೆಯ ನಾಲ್ಕು ಮಾರನ್ನು ವಯಸ್ಸಾದವರಂತೆ ತೂಗಾಡುತ್ತ ಕ್ರಮಿಸಿ, ಪಿಕಪ್ಪಿನ ಹಿಂಬಾಗಿಲಿಗೆ ತನ್ನ ತಳವನ್ನು ಒಮ್ಮೆ ಒತ್ತಿ, ಪಕ್ಕಕ್ಕೆ ಹೊರಳಿ ಮಲಗಿದಳು.

ಅಂದಾನೆಪ್ಪ ಬಂದು ನೋಡಿದನು. ‘ತಾಯಿಯ’ ಎಂಬ ಪದದ ಅಡಿಯಲ್ಲಿ, ಆ ಶುಭ್ರಧವಳ ವಿಸ್ತಾರದಲ್ಲಿ, ಗೇಣುದ್ದದ ಕರಿಯ ಗಾಯ. ಅವನು ನೆಲಕ್ಕೆ ಕುಸಿದು ಕೂತನು. ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟನು. ನಕ್ಕರೆ ನಗಲಿ, ನಲವತ್ತೊಂದು ದಿನ ಒಂದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವನಿಗೆ ಮಾತ್ರ ಆ ಅಳು ಗೊತ್ತು.

ಚಿಗವ್ವ ಮೆಲ್ಲನೆ ಎದ್ದು ಬಂದಳು. “ಅಳಬ್ಯಾಡೋ ಮಗನ. ನಿಮ್ಮವ್ವ ದೃಷ್ಟಿಬೊಟ್ಟು ಇಟ್ಟಾಳ ತಿಳಕೋ,” ಎಂದು ಸಮಾಧಾನ ಹೇಳಿ, ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಗಾಯದ ಕಡೆ ಕೈ ಚಾಚಿದಳು. ಅಷ್ಟರಲ್ಲಿ ಬಸಲಿಂಗವ್ವ ಓಡಿಬಂದು ಆ ಕೈಯನ್ನು ಹಿಡಿದಳು.

“ಬ್ಯಾಡ ಬಿಡ್ರಿ ಅತ್ತಿ. ಹಸೀ ಗಾಯ, ಮುಟ್ಟಬಾರದು.”

ಅಂದಾನೆಪ್ಪ ಎದ್ದನು. ಎಲ್ಲವನ್ನೂ ಕಳೆದುಕೊಂಡ ಅರಸನ ಮುಖದಲ್ಲಿ ಕಾಣುವ ಒಂದು ಬಗೆಯ ಶಾಂತಿ ಅವನ ಮುಖದಲ್ಲಿ ಕಂಡಿತು. “ಆತಲ್ಲ. ಇನ್ನೇನ ಉಳದೈತಿ? ಏರಸ್ರಿ,” ಎಂದನು.

ಹಿಂಬಾಗಿಲಿನ ಕೊಂಡಿ ಮೊದಲ ಬಾರಿ ಕಳಚಿತು. ಒಂದು ಕಡಗ ಮೌಲಾಸಾಬನಿಗೆ, ಒಂದು ಅಂದಾನೆಪ್ಪನಿಗೆ, ತಳಕ್ಕೆ ಬಸಲಿಂಗವ್ವನ ಹೆಗಲು. ಎತ್ತಿ ಇಟ್ಟು, ಕರಕರ ಎಳೆದು, ಮುಂದಕ್ಕೆ ನೂಕಿದರು. ಮೌಲಾಸಾಬ ಹಿಂದೆ ಕೊಪ್ಪರಿಗೆಯ ಜೊತೆ ಕೂತನು. ಅವನ ಕಾಲಲ್ಲಿ ಚಪ್ಪಲಿ ಇತ್ತು, ಯಾರೂ ಕೇಳಲಿಲ್ಲ. ಅವನು ಬಾಗಿಲನ್ನು ಧಡ್ಡೆಂದು ಹಾಕಿಕೊಂಡನು. ಅದಕ್ಕೂ ಯಾರೂ ಏನೂ ಅನ್ನಲಿಲ್ಲ. ಒಂಬತ್ತಕ್ಕೆ ಐದು ನಿಮಿಷವಿರುವಾಗ ಪಾರಕ್ಕನ ಮನೆಯ ಮುಂದೆ ಗಾಡಿ ನಿಂತಿತು. ಪಾರಕ್ಕ ಕೊಪ್ಪರಿಗೆಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಆಮೇಲೆ ತಮ್ಮನ ಬರಿಗಾಲು ನೋಡಿ, “ಎಷ್ಟ ಭಕ್ತಿಲೆ ತಂದ್ಯೋ ತಮ್ಮಾ!” ಎಂದಳು. ಹುಗ್ಗಿಗೆ ಎಲ್ಲರೂ ಎರಡನೆಯ ಸಲ ಕೈಯೊಡ್ಡಿದರು. ಸೋದರಮಾವ ನಾಲ್ಕನೆಯ ಸಲ ಒಡ್ಡಿದನು. ದುಃಖಕ್ಕೆ ಸಿಹಿ ಒಳ್ಳೆಯದು.

ಮರುದಿನ ಬೆಳಗ್ಗೆ, ರೂಢಿ ಬಿಡಬಾರದೆಂದು, ಅಂದಾನೆಪ್ಪ ಒಂದು ಪಾಕೀಟು ಶಾಂಪೂ ಹರಿದು ಬಕೀಟಿನೊಳಗೆ ಸುರಿದನು. ಗಾಯದ ಸುತ್ತ ಮೆಲ್ಲಗೆ ಒರೆಸಿದನು. ಒದ್ದೆ ಬಟ್ಟೆಯ ಅಂಚು ತಪ್ಪಿ ಗಾಯದ ಮೇಲೆ ಹಾಯ್ದಿತು. ಗಾಯದ ಅರ್ಧ ಭಾಗ ಬಟ್ಟೆಗೆ ಬಂದಿತು.

ಅವನು ಸುತ್ತ ನೋಡಿದನು. ಓಣಿಯಲ್ಲಿ ಯಾರೂ ಇರಲಿಲ್ಲ. ಇನ್ನೊಮ್ಮೆ ಒರೆಸಿದನು. ಉಳಿದರ್ಧವೂ ಬಂದಿತು. ಕೆಳಗೆ ಕ್ಷೀರಸಾಗರಫೇನದಂಥ ಬಿಳುಪು, ಹುಟ್ಟಿದ ದಿನ ಇದ್ದಂತೆ, ಕೂದಲೆಳೆಯಷ್ಟೂ ಗೆರೆಯಿಲ್ಲದೆ ಮಿರಮಿರ ಮಿಂಚಿತು. ಗಾಯವೆಂಬುದು ಬರೀ ಮಸಿಯಾಗಿತ್ತು.

ಅವನು ಹಿಂಬಾಗಿಲು ತೆರೆದು ಒಳಗೆ ನೋಡಿದನು. ತಾನೇ ಕಡಗ ಹಿಡಿದು ಕರಕರ ಎಳೆದ ದಾರಿಯುದ್ದಕ್ಕೂ, ಯಾವ ಶಾಂಪೂವಿಗೂ ಹೋಗದ ಗೆರೆಗಳು ಮೊಳದುದ್ದ ಮಲಗಿದ್ದವು. ಎಣಿಸಲು ಹೋಗಿ ಹನ್ನೊಂದಕ್ಕೆ ಬಿಟ್ಟನು. ಬೇವಿನ ಮರದ ಕೆಳಗೆ, ಒದ್ದೆ ಸೆರಗು ಗಾಯಕ್ಕೆ ತಾಗದಂತೆ, ಚಿಗವ್ವನ ಮಣಿಕಟ್ಟನ್ನು ಹಿಡಿದ ಕೈಯೊಂದು ಆಗ ಅವನ ನೆನಪಿಗೆ ಬಂದಿತು. ನಲವತ್ತು ವರ್ಷದ ಮಸಿಯನ್ನು ತಿಕ್ಕಿ ಬಲ್ಲ ಕೈ.

ಬಸಲಿಂಗವ್ವ ಚಹಾದ ಬಟ್ಟಲು ಹಿಡಿದು ಕಟ್ಟೆಗೆ ಬಂದಳು. ಹಿಂಬಾಗಿಲನ್ನೂ ನೋಡಿದಳು, ಗಂಡನ ಕೈಯಲ್ಲಿದ್ದ ಕರಿಯ ಬಟ್ಟೆಯನ್ನೂ ನೋಡಿದಳು.

“ಗಾಯ ಹೆಂಗೈತ್ರಿ?” ಎಂದು ಕೇಳಿದಳು.

ನೂರು ಮಂಟಪಗಳನ್ನು ನಿಲ್ಲಿಸಿದ ಆ ವೀರನು ಬಟ್ಟೆಯನ್ನು ಬಕೀಟಿನೊಳಗೆ ಅದ್ದಿ, ಹಿಂಡಿ, ಹಗ್ಗದ ಮೇಲೆ ಒಣಹಾಕಿದನು. ಕಟ್ಟೆಯ ಮೇಲಿದ್ದ ತನ್ನ ಚಪ್ಪಲಿಗಳನ್ನು ಮೆಟ್ಟಿಕೊಂಡು ಗಾಡಿ ಹತ್ತಿದನು.

“ಆರಾಮ ಐತಿ,” ಎಂದನು.