ರಟ್ಟಿನ ಕೊಳವೆಯ ಕಾನೂನು

“ನೀನು ಸುಮ್ಮನೆ ಕೂತ್ಕೋ! ಇವತ್ತು ಈ ಮನೆಯಲ್ಲಿ ಇರುವೆಗೂ ಗಾಯ ಆಗದ ಹಾಗೆ ಮಾಡ್ತೀನಿ!” ಎಂದು ಗುಮಾಸ್ತರು ಹೆಂಡತಿಗೆ ಹೇಳಿ ತೋಳೇರಿಸಿದರು.

ಆಕೆ ಮುಂದಿನ ಕೋಣೆಯಲ್ಲಿ ಮೂರು ಪುಟಾಣಿಗಳ ಶಿಶುವಿಹಾರ ನಡೆಸುತ್ತಿದ್ದಳು. ಇವತ್ತು ತಪಾಸಣೆಯ ಮೇಡಂ ಬರುವವರಿದ್ದರು. ಅವರು ಹೂಂ ಅಂದರೆ ಪರವಾನಗಿ, ಊಹೂಂ ಅಂದರೆ ಬಾಗಿಲಿಗೆ ಬೀಗ!

ರಜೆ ಹಾಕಿದ್ದ ಗುಮಾಸ್ತರು ಟಿಶ್ಯೂ ರೋಲಿನ ಖಾಲಿ ರಟ್ಟಿನ ಕೊಳವೆಯನ್ನು ರಾಜದಂಡದಂತೆ ಹಿಡಿದು ದಂಡಯಾತ್ರೆ ಹೊರಟರು. ಅದರಲ್ಲಿ ತೂರುವ ವಸ್ತು ಮಗುವಿನ ಗಂಟಲಲ್ಲೂ ಸಿಕ್ಕಿಕೊಳ್ಳಬಹುದು ಎಂದು ಎಲ್ಲೋ ಓದಿದ್ದರು. ತೂರಿದ್ದೆಲ್ಲ ಬೀಗ ಹಾಕಿದ ತಗಡಿನ ಡಬ್ಬಿಗೆ, ಮುಚ್ಚಳದ ತೂತಿನಿಂದ ಠಣ್! ಗುಂಡಿ, ನಾಣ್ಯ, ಪೆನ್ನಿನ ಮುಚ್ಚಳ, ಕೊನೆಗೆ ಹೆಂಡತಿ ಬಿಚ್ಚಿಟ್ಟಿದ್ದ ಕಿವಿಯೋಲೆ.

“ಅಯ್ಯೋ, ಅದು ನನ್ನ ಓಲೆ ರೀ!”

“ಕಾನೂನಿನ ಮುಂದೆ ಓಲೆಯೂ ಒಂದೇ, ಗುಂಡಿಯೂ ಒಂದೇ!”

ಮಕ್ಕಳು ಬೀದಿಗೆ ಹೋಗದಿರಲೆಂದು ಮುಂಬಾಗಿಲಿಗೂ ಒಳಗಿನಿಂದ ಬೀಗ ಜಡಿದರು. ಬೀಗದ ಕೈ ಕೊಳವೆಯಲ್ಲಿ ತೂರಿತು. ಠಣ್! ಡಬ್ಬಿಯದೇ ಬೀಗದ ಕೈಯೂ ತೂರಿತು. ನಿಯಮ ಅಂದರೆ ನಿಯಮ. ಠಣ್!

ಆಗಲೇ ಕಿಟಕಿಯ ಸರಳಿನಾಚೆ ಮೇಡಂ ಮುಖ ಕಂಡಿತು. “ಬಾಗಿಲು ತೆಗೀರಿ.”

“ಬೀಗದ ಕೈ ಡಬ್ಬಿಯೊಳಗೆ ಭದ್ರವಾಗಿದೆ ಮೇಡಂ!”

“ಡಬ್ಬಿ ತೆಗೀರಿ ಮತ್ತೆ.”

“ಅದರ ಬೀಗದ ಕೈಯೂ... ಅದರೊಳಗೇ ಇದೆ.”

“ಈಗ ಬೆಂಕಿ ಬಿದ್ರೆ ಮಕ್ಕಳನ್ನ ಹೇಗ್ರೀ ಹೊರಗೆ ತರ್ತೀರಿ?”

ಹೆಂಡತಿಯ ಮುಖ ಬಿಳಿಚಿಕೊಂಡಿತು. ಐದು ವರ್ಷದ ದುಡಿಮೆ ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು! ಗುಮಾಸ್ತರು ಕಕ್ಕಾಬಿಕ್ಕಿಯಾಗಿ ಡಬ್ಬಿಯನ್ನೆತ್ತಿ ನೆಲಕ್ಕೆ ಕುಕ್ಕಿದರು. ಮುಚ್ಚಳ ಹಾರಿತು! ಗುಂಡಿ, ನಾಣ್ಯ, ಓಲೆ ಕೋಣೆಯ ತುಂಬ ಚೆಲ್ಲಾಪಿಲ್ಲಿ! ಮೂರು ಪುಟಾಣಿಗಳೂ ಕೇಕೆ ಹಾಕಿ ಅತ್ತಲೇ ಅಂಬೆಗಾಲಿಟ್ಟವು.

ಹೆಂಡತಿ ಛಂಗನೆ ಹಾರಿದಳು. ಎರಡು ಕಂಕುಳಲ್ಲಿ ಎರಡು ಮಕ್ಕಳು, ಮೂರನೆಯದರ ಅಂಗಿ ಕೈಯಲ್ಲಿ! ಕಣ್ಣು ಮಿಟುಕಿಸುವಷ್ಟರಲ್ಲಿ ಮೂರೂ ಕಟಕಟೆಯ ತೊಟ್ಟಿಲಲ್ಲಿದ್ದವು. ಒಂದೊಂದರ ಬಾಯಿಗೂ ಬೆರಳು ಹಾಕಿ ನೋಡಿದಳು. ಏನೂ ಇಲ್ಲ. ಗುಮಾಸ್ತರು ಮಂಡಿಯೂರಿ ತಡಕಾಡಿ ಬೀಗದ ಕೈ ಹುಡುಕಿ ಬಾಗಿಲು ತೆಗೆದರು.

ಮೇಡಂ ಮೂಲೆಮೂಲೆ ನೋಡಿದರು. “ನಿಮ್ಮ ಚುರುಕುತನ ಕಣ್ಣಾರೆ ಕಂಡೆ ಕಣಮ್ಮ. ಪರವಾನಗಿ ಕೊಡ್ತೀನಿ. ಆದ್ರೆ ಅಪಾಯದ ವಸ್ತು ಇನ್ನೊಂದಿದೆ, ಅದನ್ನ ಈಗಲೇ ಹೊರಗೆ ಹಾಕ್ಬೇಕು.”

ಗುಮಾಸ್ತರು ಕೊಳವೆ ಹಿಡಿದು ನೆಟ್ಟಗೆ ನಿಂತರು. “ಎಲ್ಲಿದೆ ತೋರಿಸಿ ಮೇಡಂ, ಈಗಲೇ ತೂರಿಸಿ ನೋಡ್ತೀನಿ!”

“ಅದು ಕೊಳವೆಯಲ್ಲಿ ತೂರಲ್ಲ ರೀ,” ಎಂದಳು ಹೆಂಡತಿ. “ರಜೆ ರದ್ದು ಮಾಡಿ ಆಫೀಸಿಗೆ ಹೊರಡಿ.”