ಕುರ್ಚಿಯಲ್ಲಿ ತಯಾರಕರು, ಸ್ಟೂಲಿನಲ್ಲಿ ಮಾಲೀಕರು

ವೆಲ್ಡರ್: ಹಾರಬೇಡ ಅನ್ನೋಕೆ ಅವರ್ಯಾರು? ನನ್ನ ಮಾವನಾ?

ಅವನು ಕೂಗಿದ ರಭಸಕ್ಕೆ ಶೆಡ್ಡಿನ ತಗಡೆಲ್ಲ ಝಣಝಣ ಅಂತು. ಕಂಪನಿ ಕಳಿಸಿದ ಪೆಟ್ಟಿಗೆಗಳನ್ನು ಬಿಚ್ಚಿ, ಒಂದೊಂದೇ ಭಾಗ ಜೋಡಿಸಿ, ಆರು ವರ್ಷ ಇದೇ ಶೆಡ್ಡಿನಲ್ಲಿ ಬೆವರು ಹರಿಸಿ ಎರಡು ಸೀಟಿನ ವಿಮಾನ ಕಟ್ಟಿದವನು ಅವನು. ರೆಕ್ಕೆಗೆ ಬಟ್ಟೆ ಹೊಲಿದವಳು ಟೈಲರ್ ಕೆಲಸದ ಹೆಂಡತಿ. ಒಂದು ವರ್ಷದಿಂದ ಒಬ್ಬನೇ ಹಾರುತ್ತಿದ್ದವನು ಇವತ್ತು ಮೊದಲ ಸಲ ಅವಳ ಅಣ್ಣನನ್ನು ಹಿಂದಿನ ಸೀಟಿಗೆ ಹತ್ತಿಸಿದ್ದ. ಭಾವ ಬೆಲ್ಟು ಬಿಗಿದುಕೊಂಡು ತಯಾರಾಗಿ ಕೂತಿದ್ದ. ಅಷ್ಟರಲ್ಲಿ ಕಂಪನಿಯವರು ಕಳಿಸಿದ್ದ ಹಾಳಾದ್ದು ಆ ಎಚ್ಚರಿಕೆ ಕಾಗದ ಹೆಂಡತಿ ಕೈಗೆ ಸಿಗಬೇಕೆ!

ಹೆಂಡತಿ: ಕೆಂಪಕ್ಷರದಲ್ಲಿ ಬರೆದಿದಾರೆ ನೋಡಿ. "ಬಾಲದ ರೆಕ್ಕೆಯ ಕೀಲಿನ ಬೋಲ್ಟ್ ಬಿರುಕು ಬಿಡುತ್ತಿದೆ. ಬಿಚ್ಚಿ ನೋಡದೆ ಹಾರಬೇಡಿ." ನೀವು ಇದರಲ್ಲಿ ಗ್ರೀಸ್ ಒರೆಸಿದೀರಿ!

ವೆಲ್ಡರ್: ಒಳ್ಳೇ ಕಾಗದ. ಚೆನ್ನಾಗಿ ಹೀರ್ಕೊಳ್ತು.

ಭಾವ: ಬಾಲಕ್ಕೆ ಏನಾಗಿದೆಯಂತೆ?

ವೆಲ್ಡರ್: ಏನಿಲ್ಲ ಭಾವ. ನೀವು ಕೂತಿರೋದು ಬಾಲದ ಮೇಲಲ್ವಲ್ಲ.

ಭಾವ: ಈ ಬೆಲ್ಟು ಯಾಕೋ ಬಿಗಿ ಆಯ್ತು ಕಣಯ್ಯಾ.

ವೆಲ್ಡರ್: ಬಿಗಿ ಇದ್ರೇನೇ ಬೆಲ್ಟು. ಸಡಿಲ ಇದ್ರೆ ಲಾಡಿ.

ಹೆಂಡತಿ: ಮಾತು ತಪ್ಪಿಸಬೇಡಿ. ಬೋಲ್ಟ್ ಬಿಚ್ಚಿ.

ವೆಲ್ಡರ್: ಬಾ ಇಲ್ಲಿ. ವಿಮಾನದ ಬಾಗಿಲ ಪಕ್ಕ ಹೊಡೆದಿರೋ ಈ ತಗಡು ಓದು.

ಹೆಂಡತಿ: "ತಯಾರಕರು." ಅದರ ಮುಂದೆ ನಿಮ್ಮ ಹೆಸರು.

ವೆಲ್ಡರ್: ಸರ್ಕಾರದವರೇ ಒಪ್ಪಿದ್ದು. ಅವರು ಕಳಿಸಿದ್ದು ಪೆಟ್ಟಿಗೆ, ವಿಮಾನ ಮಾಡಿದ್ದು ನಾನು. ತಯಾರಕ ಹೇಳಿದರೆ ತಲೆ ಬಾಗಿಸಿ ಕೇಳ್ತೀನಿ. ಪೆಟ್ಟಿಗೆಯವನ ಮಾತು ನನಗ್ಯಾಕೆ?

ಹೆಂಡತಿ ಕೊರಳಲ್ಲಿದ್ದ ಅಳತೆ ಟೇಪನ್ನು ಎರಡು ಸುತ್ತು ಬೆರಳಿಗೆ ಸುತ್ತಿದಳು. ಆಮೇಲೆ ಕೆಲಸದ ಮೇಜಿನ ಆಚೆ ಕುರ್ಚಿ ಇಟ್ಟಳು, ಈಚೆ ಸ್ಟೂಲ್ ಎಳೆದಳು.

ಹೆಂಡತಿ: ಸರಿ. ತಯಾರಕರು ಕುರ್ಚಿಲಿ ಕೂತ್ಕೊಳ್ಳಲಿ.

ವೆಲ್ಡರ್ ಎದೆ ಉಬ್ಬಿಸಿಕೊಂಡು ಕೂತ.

ಹೆಂಡತಿ: ಸಾರ್, ನಮ್ಮನೆಯವರು ನಿಮ್ಮ ವಿಮಾನ ಹಾರಿಸ್ತಾರೆ. ನೂರು ಗಂಟೆ ಹಾರಿಸಿದಾರೆ, ಬಾಲದ ಬೋಲ್ಟ್ ಒಂದ್ಸಲಾನೂ ಬಿಚ್ಚಿ ನೋಡಿಲ್ಲ.

ವೆಲ್ಡರ್: ಒಂದ್ಸಲಾನೂ?

ಹೆಂಡತಿ: ಎಚ್ಚರಿಕೆ ಕಾಗದ ಬಂದ್ರೆ ಗ್ರೀಸ್ ಒರೆಸ್ತಾರೆ ಸಾರ್.

ವೆಲ್ಡರ್: ಯಾವನ್ರೀ ಅವನು? ಆರು ವರ್ಷ ನಿದ್ದೆಗೆಟ್ಟು ಮಾಡಿದ ವಿಮಾನ ನಂದು! ಕರೀರಿ ಅವನ್ನ!

ಹೆಂಡತಿ: ಸ್ಟೂಲಿಗೆ ಬನ್ನಿ.

ಕೋಪ ನೆತ್ತಿಗೇರಿದವನಿಗೆ ಯಾವ ಕಡೆ ತನ್ನದು ಅನ್ನೋದು ಎಲ್ಲಿ ಹೊಳೆಯುತ್ತೆ? ಧಡಕ್ಕನೆ ಬಂದು ಸ್ಟೂಲಿನ ಮೇಲೆ ಕೂತ.

ವೆಲ್ಡರ್ (ಸ್ಟೂಲಿಂದ): ಏನ್ ಸಾರ್ ಕೂಗಾಡ್ತೀರಿ? ಚೆನ್ನಾಗೇ ಹಾರ್ತಿದೆಯಲ್ಲ!

ವೆಲ್ಡರ್ (ಕುರ್ಚಿಯಿಂದ): ಬೀಳೋ ತನಕ ಎಲ್ಲಾ ಚೆನ್ನಾಗೇ ಹಾರುತ್ತೆ! ಬೋಲ್ಟ್ ನೋಡಿದ್ಯಾ ಅಂದ್ರೆ?

ವೆಲ್ಡರ್ (ಸ್ಟೂಲಿಂದ): ನಾನು ಗಿರಾಕಿ! ಮರ್ಯಾದೆ ಕೊಟ್ಟು ಮಾತಾಡಿ!

ವೆಲ್ಡರ್ (ಕುರ್ಚಿಯಿಂದ): ಮರ್ಯಾದೆ ಬೋಲ್ಟ್ ನೋಡಿದವನಿಗೆ! ಮೊದಲು ನನ್ನ ವಿಮಾನ ವಾಪಸ್ ಕೊಡು!

ವೆಲ್ಡರ್ (ಸ್ಟೂಲಿಂದ): ನಿಮ್ಮಂಥ ಕಂಪನಿ ಸಹವಾಸ ಮಾಡಿದ್ದೇ ನನ್ನ ತಪ್ಪು!

ಭಾವ: ಅಲ್ಲಿ ಎಷ್ಟು ಜನ ಇದಾರಮ್ಮಾ?

ಹೆಂಡತಿ: ಇಬ್ರು ಅಣ್ಣಾ. ಇಬ್ರೂ ಮೊಂಡರು.

ವೆಲ್ಡರ್ ಏದುಸಿರು ಬಿಡುತ್ತಾ ಸ್ಪ್ಯಾನರ್ ಎತ್ತಿಕೊಂಡ.

ವೆಲ್ಡರ್: ಇರು, ಆ ಬೋಲ್ಟ್ ಬಿಚ್ಚಿ ಈ ಕಂಪನಿಯವನ ಮುಖಕ್ಕೇ ಹಿಡೀತೀನಿ!

ಬಾಲದ ಹತ್ತಿರ ಬಗ್ಗಿದ. ಸ್ಪ್ಯಾನರ್ ಅರ್ಧ ಸುತ್ತು ತಿರುಗಿತು, ಅಷ್ಟೇ. ಲಟಕ್ ಅಂತು. ಬೋಲ್ಟಿನ ತಲೆ ಒಂದು ಕೈಯಲ್ಲಿ ಉಳೀತು, ಮೈ ಇನ್ನೊಂದು ಕೈಗೆ ಜಾರಿತು. ಎರಡು ತುಂಡನ್ನೂ ತಂದು ಮೇಜಿನ ಮೇಲಿಟ್ಟು, ಕುರ್ಚಿ ಹಿಡಿದುಕೊಂಡು ಮೆಲ್ಲಗೆ ಕೂತ. ಹೆಂಡತಿ ಆ ತುಂಡುಗಳನ್ನು ನೋಡಿದಳು, ಆಮೇಲೆ ಅಣ್ಣನನ್ನು ನೋಡಿದಳು.

ವೆಲ್ಡರ್: ನೋಡಿದ್ಯಾ? ನಮ್ಮ ಕಂಪನಿ ಸುಮ್ಮಸುಮ್ಮನೆ ಹೇಳಲ್ಲ.

ಹೆಂಡತಿ: ಅಣ್ಣಾ, ಇಳಿದು ಬಾ. ಇವತ್ತು ಹಾರಲ್ಲ.

ಭಾವ: ಇಳಿಯೋದು ಹೇಗೆ? ಅರ್ಧ ಗಂಟೆಯಿಂದ ಗುದ್ದಾಡ್ತಿದೀನಿ, ಈ ಬಕಲ್ ಬಿಡ್ತಾನೇ ಇಲ್ಲ!

ವೆಲ್ಡರನ ಕಣ್ಣು ತಂತಾನೇ ಮೇಜಿನ ಕಾಲಿನ ಕಡೆ ಹೋಯಿತು. ಹೆಂಡತಿಯ ಕಣ್ಣೂ ಅದರ ಹಿಂದೆಯೇ ಹೋಯಿತು. ಮೇಜು ಅಲ್ಲಾಡದಿರಲಿ ಅಂತ ಕಾಲಿನಡಿ ನಾಲ್ಕು ಮಡಿಕೆ ಮಾಡಿ ಕಾಗದ ತುರುಕಿದ್ದ. ಅಂಚಿನಲ್ಲಿ ಕೆಂಪಕ್ಷರ. ಅವಳು ಎಳೆದಳು. ಮೇಜು ವಾಲಿತು, ಬೋಲ್ಟಿನ ತಲೆ ಉರುಳಿ ಕೆಳಗೆ ಬಿತ್ತು.

ಹೆಂಡತಿ: "ಹಿಂದಿನ ಸೀಟಿನ ಬಕಲ್ ಒಮ್ಮೆ ಬಿಗಿದರೆ ಬಿಚ್ಚಿಕೊಳ್ಳುವುದಿಲ್ಲ. ಬದಲಿಸುವ ತನಕ ಯಾರನ್ನೂ ಕೂರಿಸಬೇಡಿ." ಹೋದ ವರ್ಷ ಬಂದಿರೋದು.

ಅಷ್ಟು ಓದಿ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತರಲು ಮನೆಯೊಳಗೆ ಹೋದಳು.

ಭಾವ: ಯಾವನಯ್ಯಾ ಇದರ ತಯಾರಕ? ಒಂದ್ಸಲ ಮುಖ ತೋರಿಸಲಿ, ಆಮೇಲೆ ಇದೆ ಅವನಿಗೆ!

ವೆಲ್ಡರ್ ಸದ್ದಿಲ್ಲದೆ ಕುರ್ಚಿಯಿಂದೆದ್ದು ಬಂದು ಸ್ಟೂಲಿನ ಮೇಲೆ ಕೂತ.

ವೆಲ್ಡರ್: ನಾನೂ ಅವನನ್ನೇ ಹುಡುಕ್ತಿದೀನಿ ಭಾವ.